ಗುಡ್ಲಿನೊಳಗೆ ಹೋದ ಟ್ಯಾಬ್

ಪೆನ್ನಾಗರಂ,
ಭಾನುವಾರ, 16-2-2025

ಪ್ರೀತಿಯ ಅವ್ವನಿಗೆ, ಹಿರಿಮಗಳು ಶಿವಲಕ್ಷ್ಮಿಯ ನಮಸ್ಕಾರ.

ಹೇಗಿದ್ದೀಯವ್ವ? ಹನೂರಿನ ನೀರು ಒಗ್ಗಿತೇ? ಬಾಣಂತಿಗೆ ನೀರು ಹೊತ್ತು ಹಾಕಿ ನಿನ್ನ ಮಂಡಿ ನೋವು ಹೆಚ್ಚಾಗಿರಬೇಕು, ಕೇಳಿದರೆ ಇಲ್ಲ ಅನ್ನುತ್ತೀ. ತಂಗಿ ರಾಧಾಳ ಕೂಸು ರಾತ್ರಿ ಮಲಗುತ್ತದೆಯೇ? ಅವಳು ಹುಟ್ಟಿದಾಗ ಇಡೀ ಹಟ್ಟಿಗೆ ನಿದ್ದೆ ಕೊಡಲಿಲ್ಲವಲ್ಲ, ಈಗ ಅನುಭವಿಸಲಿ ಎಂದು ಹೇಳು. ಫೋನಿನಲ್ಲೇ ಎಲ್ಲ ಮಾತಾಡೋಣ ಎಂದರೆ ನಾನು ಏನು ಕೇಳಿದರೂ ನೀನು "ಊಟ ಆಯ್ತು ಕಣವ್ವ" ಅಂದು ಕೆಳಗಿಡುತ್ತೀ. ಕಿವಿಗೆ ಮಷೀನು ಹಾಕಿಕೋ ಎಂದರೆ ಕೋಪ ಬೇರೆ. ಅದಕ್ಕೇ ನೀನು ತವರಿನಿಂದ ಹೊತ್ತು ತಂದು ನನಗೆ ಕಲಿಸಿದ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ದಿನವಿಡೀ ತಮಿಳು ಬರೆಯುವ ಕೈ ಇದು, ತಪ್ಪಿದ್ದರೆ ನಗಬೇಡ. ಮುರುಗೇಶನ ಟೊಮೆಟೊ ಟೆಂಪೋ ನಾಳೆ ಆ ಕಡೆ ಬರುತ್ತದೆ, ಅವನ ಕೈಯಲ್ಲೇ ಕೊಡುತ್ತೇನೆ.

ನನ್ನ ಸುದ್ದಿ ಏನೆಂದರೆ, ಈ ವಯಸ್ಸಿನಲ್ಲಿ ನಾನು ಮತ್ತೆ ಬೆಂಚಿನ ಮೇಲೆ ಕೂತಿದ್ದೇನೆ. ಶನಿವಾರ ಬಂತೆಂದರೆ ಕಾರಿಮಂಗಲಂನಲ್ಲಿ ಟೀಚರುಗಳಿಗೆಲ್ಲ ಟ್ರೈನಿಂಗ್. ಸ್ಮಾರ್ಟ್ ಬೋರ್ಡು, ಟ್ಯಾಬು, ವಿಡಿಯೊ ಇವನ್ನೆಲ್ಲ ಪಾಠಕ್ಕೆ ಬಳಸುವುದು ಹೇಗೆ ಅಂತ. ಕಲಿಸುವವರು ರಾಜಗೋಪಾಲ್ ಸಾರ್. ಒಳ್ಳೆಯ ಮನುಷ್ಯ, ಆದರೆ ಅವರ ಬೆರಳು ಓಡುವ ಕಡೆ ನನ್ನ ಕಣ್ಣು ಓಡುವುದಿಲ್ಲ. ಪಾಸ್‌ವರ್ಡು ಹಾಕಿ ಅನ್ನುತ್ತಾರೆ, ಹಾಕುವ ಹೊತ್ತಿಗೆ ಓಟಿಪಿ ಬರುತ್ತದೆ, ಓಟಿಪಿ ನೋಡುವ ಹೊತ್ತಿಗೆ ಟೈಮು ಮುಗಿದುಹೋಗಿರುತ್ತದೆ. "ರೊಂಬ ಈಸಿ ಟೀಚರ್" ಎಂದು ನಗುತ್ತಾರೆ. ಯಾವುದು ಈಸಿ ಎಂದು ಕೇಳಲು ನಾಚಿಕೆಯಾಗಿ ನಾನೂ ನಗುತ್ತೇನೆ. ಹದಿನಾಲ್ಕು ವರ್ಷ ಲೆಕ್ಕ, ವಿಜ್ಞಾನ ಹೇಳಿಕೊಟ್ಟವಳು ನಾನು, ಈಗ ಗುಂಡಿ ಒತ್ತುವುದಕ್ಕೆ ಪಕ್ಕದವರ ಮುಖ ನೋಡುತ್ತೇನೆ. ನನ್ನ ತಲೆ ಮೊಸರು ಗಡಿಗೆಯಾಗಿದೆ ಅವ್ವ.

ಹೋಗಲಿ, ಅದು ದೊಡ್ಡದಲ್ಲ. ಟ್ರೈನಿಂಗಿನ ಕೊನೆಗೆ ಒಬ್ಬೊಬ್ಬ ಟೀಚರೂ ಒಂದು ವಿಡಿಯೊ ಕಳಿಸಬೇಕಾಗಿತ್ತು. ಪಾಠ ನಾವು ಹೇಳುವುದಲ್ಲ, ನಮ್ಮ ಕ್ಲಾಸಿನ ಒಂದು ಮಗು ಟ್ಯಾಬ್ ಹಿಡಿದು ತಾನೇ ಪಾಠ ಹೇಳಬೇಕು. ನನಗೆ ಒಂದೇ ಹೆಸರು ಹೊಳೆದದ್ದು, ಕುರಿ ಎಲ್ಲಪ್ಪನ ಮಗಳು ಸಂಗೀತಾ. ಎಂಟನೇ ಕ್ಲಾಸು. ನಾನು ಅರ್ಧ ಹೇಳಿದರೆ ಉಳಿದರ್ಧ ಅವಳೇ ಹೇಳುವಂಥ ಹುಡುಗಿ. ನೋಡಿದರೆ ಅದೇ ವಾರ ಅವಳು ದೊಡ್ಡವಳಾಗಿ, ಸೋದರಮಾವ ಹೊಂಗೆ ಸೊಪ್ಪು, ತೆಂಗಿನ ಗರಿ ಕಡಿದು ತಂದು ಮನೆಯಾಚೆ ಗುಡ್ಲು ಹಾಕಿ ಅವಳನ್ನು ಒಳಗೆ ಕೂರಿಸಿದ್ದಾನೆ. ಬೇರೆ ಮಗುವನ್ನು ಹುಡುಕಬಹುದಿತ್ತು. ನನ್ನ ಬುದ್ಧಿಗೆ ಏನು ಬಂತೋ, ಪಾಠ ತಪ್ಪದಿರಲಿ, ವಿಡಿಯೊನೂ ಆಗಲಿ ಎಂದು ಶಾಲೆಯ ಟ್ಯಾಬ್ ತೆಗೆದುಕೊಂಡು ಹೋಗಿ, ಮೊರದಲ್ಲಿಟ್ಟು ಗುಡ್ಲಿನೊಳಕ್ಕೆ ನೂಕಿಬಿಟ್ಟೆ. ನಾನು ಮುಟ್ಟಲಿಲ್ಲ, ಶಾಸ್ತ್ರ ಮೀರಲಿಲ್ಲ, ಜಾಣೆ ನಾನು ಎಂದುಕೊಂಡು ಮನೆಗೆ ಬಂದೆ.

ಎರಡು ದಿನ ಬಿಟ್ಟು ಕೇಳಲು ಹೋದರೆ ಅವಳ ಅಜ್ಜಿ ಸಿದ್ದಲಕ್ಷ್ಮಮ್ಮ ಗುಡ್ಲಿನ ಮುಂದೆ ಒನಕೆ ಅಡ್ಡ ಇಟ್ಟುಕೊಂಡು ಕೂತಿದ್ದಾಳೆ. "ಒಳಿಕೆ ಓಗಿದ್ದು ಒಳಗೇ ಕಣವ್ವ. ಗುಡ್ಲು ಉರಿಯೋ ದಿನ ಅದ್ರ ಜೊತೇಲೇ ಓಗ್ಬೇಕು" ಅಂದಳು. ಸರ್ಕಾರದ ವಸ್ತು ಎಂದೆ, ಕೈಲಾಗದವರ ಮಾತಾಡಬೇಡ ಎಂದು ತಮಿಳಿನಲ್ಲಿ ಗದರಿದಳು. ಉಟ್ಟ ಬಟ್ಟೆ ಅಗಸಗಿತ್ತಿಗೆ ಹೋಗುತ್ತದೆ, ಪಾತ್ರೆಯಾದರೆ ಹುಣಸೆಹಣ್ಣು ಹಾಕಿ ತಿಕ್ಕಿ ಬೆಂಕಿ ತೋರಿಸಿ ಒಳಗೆ ತರಬಹುದು, ಚಾಪೆ ಮಡಕೆ ಸುಡಬೇಕು. ನಿನ್ನ ಟ್ಯಾಬು ಬಟ್ಟೆಯೋ, ಪಾತ್ರೆಯೋ, ಚಾಪೆಯೋ ನೀನೇ ಹೇಳು ಎಂದು ಕೇಳಿದಳು. ನಾನು ಬಿ.ಎಡ್. ಮಾಡಿದವಳು ಬೆರಳು ಮಡಿಸಿ ಲೆಕ್ಕ ಹಾಕತೊಡಗಿದೆ. ಪಾತ್ರೆ ಎನ್ನೋಣ ಎಂದರೆ, ನೀರು ತಾಕಬಾರದು, ಬಿಸಿ ತಾಕಬಾರದು ಎಂದು ರಾಜಗೋಪಾಲ್ ಸಾರ್ ಮೊದಲನೇ ಶನಿವಾರವೇ ಬರೆಸಿದ್ದಾರೆ. ಹೋಗಲಿ ಚಾರ್ಜಾದರೂ ಹಾಕಿ ಎಂದರೆ, ವಯರು ಒಂದು ಕೊನೆ ಗುಡ್ಲಲ್ಲಿ, ಒಂದು ಕೊನೆ ದೇವರ ಗೂಡಿನ ಪಕ್ಕದ ಪ್ಲಗ್ಗಲ್ಲಿ, ಮೈಲಿಗೆ ಓಡಿ ಒಳಗೆ ಬರುವುದಿಲ್ಲವೇ ಎಂದು ಕಿತ್ತೆಸೆದಳಂತೆ. ಕರೆಂಟು ಓಡುವಾಗ ಮೈಲಿಗೆ ಯಾಕೆ ಓಡಬಾರದು ಹೇಳು. ನೀನು ನಗುತ್ತಿದ್ದೀಯ, ನನಗೆ ಗೊತ್ತು. ನನಗೆ ಅಳು ಬರುತ್ತಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ಅವಳು ನನ್ನ ಬಾಯಿ ಮುಚ್ಚಿಸಿದ್ದು ನಿನ್ನ ಹೆಸರು ಹೇಳಿ. ನಾನು ದೊಡ್ಡವಳಾದಾಗ ಗುಡ್ಲಲ್ಲಿ ಕೂತು ಓದಲಿ ಎಂದು ನೀನು ನನ್ನ ಲೆಕ್ಕದ ಪುಸ್ತಕ ಒಳಗೆ ಕೊಟ್ಟಿದ್ದೆಯಲ್ಲ, ಅದು ಗುಡ್ಲಿನ ಜೊತೆಗೇ ಉರಿದುಹೋಯಿತಲ್ಲ, ಅದನ್ನು ಎತ್ತಿ ಆಡಿದಳು. ಈ ಮೂರು ಹಟ್ಟಿಗೂ ಶಾಸ್ತ್ರ ಹೇಳುವವಳು ನಿಮ್ಮವ್ವ, ಅವಳೇ ತನ್ನ ಮಗಳ ಪುಸ್ತಕ ಬಿಡಿಸಿಕೊಳ್ಳಲಿಲ್ಲ, ನಿನ್ನದೇನು ಹೆಚ್ಚು ಎಂದಳು. ನೀನು ಮಾಡಿದ ಶಾಸ್ತ್ರ ನನ್ನ ಕೊರಳಿಗೇ ಸುತ್ತಿಕೊಂಡಿದೆ ನೋಡು. ಬರುವ ಶುಕ್ರವಾರ ಗುಡ್ಲು ಸುಡುತ್ತಾರೆ. ಶನಿವಾರ ನಾನು ಟ್ಯಾಬ್ ತೆಗೆದುಕೊಂಡು ಹೋಗಿ ಕಾರಿಮಂಗಲಂನಲ್ಲಿ ತೋರಿಸಬೇಕು. ಸುಟ್ಟುಹೋಯಿತು ಎಂದರೆ ಯಾಕೆ ಅನ್ನುತ್ತಾರೆ, ಯಾಕೆ ಎಂದು ತಮಿಳಿನಲ್ಲಿ ಹೇಗೆ ಹೇಳಲಿ, ಕನ್ನಡದಲ್ಲೇ ಹೇಳಲು ಬರುತ್ತಿಲ್ಲ.

ಆದರೆ ಒಂದು ಸಂತೋಷದ ಸುದ್ದಿಯೂ ಇದೆ. ಚಾರ್ಜು ಮುಗಿಯುವ ಮೊದಲು ಆ ಹುಡುಗಿ ವಿಡಿಯೊ ಮಾಡಿ ಟ್ರೈನಿಂಗ್ ಗುಂಪಿಗೇ ಕಳಿಸಿಬಿಟ್ಟಿದ್ದಾಳೆ, ನನಗೆ ಇನ್ನೂ ಬಾರದ ಕೆಲಸ ಅದು. ನಿನ್ನೆ ಅದನ್ನು ದೊಡ್ಡ ಬೋರ್ಡಿನ ಮೇಲೆ ಹಾಕಿದರು. ಅವಳ ಮುಖ ಕಾಣುವುದಿಲ್ಲ. ಗುಡ್ಲಿನ ನೆಲ ಕಾಣುತ್ತದೆ. ಗರಿಯ ಸಂದಿಯಿಂದ ಬಿದ್ದ ಬಿಸಿಲು ನೆಲದ ತುಂಬ ದುಂಡು ದುಂಡಗೆ, ರಾಗಿ ಕಣದಲ್ಲಿ ಕಾಸು ಚೆಲ್ಲಿದ ಹಾಗೆ. ಸಂದಿ ಸೊಟ್ಟಗಿದ್ದರೂ ಬೆಳಕು ಯಾಕೆ ದುಂಡಗೆ ಬೀಳುತ್ತದೆ, ಬೆಳಕು ನೇರವಾಗಿ ಹೋಗುವುದರಿಂದ ಸೂರ್ಯನ ಆಕಾರವೇ ಇಲ್ಲಿ ಬಿದ್ದಿದೆ ಎಂದು ತಮಿಳಿನಲ್ಲಿ ನಿಧಾನವಾಗಿ ಹೇಳುತ್ತಾಳೆ, ಮಧ್ಯೆ ಮಧ್ಯೆ ಅಂಗೈ ಒಡ್ಡಿ ಸೂರ್ಯನನ್ನು ಹಿಡಿದು ತೋರಿಸುತ್ತಾಳೆ. ನಾನು ಬೋರ್ಡಿನ ಮೇಲೆ ಗೀಟು ಎಳೆದು ಹೇಳಿದ್ದ ಪಾಠವೇ ಅದು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ ಟ್ಯಾಬ್ ಮರೆತೇ ಹೋಯಿತು. ಕೊನೆಗೆ ಅವಳು ನಮ್ಮ ಮಾತಿನಲ್ಲಿ ಏನೋ ಎರಡು ಮಾತು ಹೇಳಿದ್ದಳು. ರಾಜಗೋಪಾಲ್ ಸಾರ್ ಏನು ಎಂದು ಕೇಳಿದರು. ಅಲ್ಲಿ ಕನ್ನಡ ಬರುವವಳು ನಾನೊಬ್ಬಳೇ. ಎಲ್ಲರಿಗೂ ವಣಕ್ಕಂ ಹೇಳುತ್ತಿದ್ದಾಳೆ ಎಂದುಬಿಟ್ಟೆ.

ಆದ್ದರಿಂದ ಸಿದ್ದಲಕ್ಷ್ಮಮ್ಮನಿಗೆ ನಾಲ್ಕು ಸಾಲು ಹೇಳಿ ಕಳಿಸು, ಟ್ಯಾಬ್ ಪಾತ್ರೆಯ ಲೆಕ್ಕ, ಅರಿಶಿನದ ಬಟ್ಟೆಯಲ್ಲಿ ಒರೆಸಿದರೆ ಸಾಕು ಎಂದು. ನಿನ್ನ ಮಾತಾದರೆ ಕೇಳುತ್ತಾಳೆ. ಕೂಸಿಗೆ ನನ್ನ ಮುತ್ತು, ರಾಧಾಳಿಗೆ ಚೆನ್ನಾಗಿ ತಿನ್ನಲು ಹೇಳು, ಮನೆಯ ಹಿರಿಯರಿಗೆಲ್ಲ ನನ್ನ ನಮಸ್ಕಾರ. ಥಂಡಿಯಲ್ಲಿ ತಿರುಗಬೇಡ.

ನಿನ್ನ ತಲೆಕೆಟ್ಟ ಮಗಳು,
ಶಿವಲಕ್ಷ್ಮಿ

ಮ.ವಿ.: ಮುರುಗೇಶ ಆಗಲೇ ಹಾರ್ನ್ ಹೊಡೆಯುತ್ತಿದ್ದಾನೆ. ರಾತ್ರಿ ನಿದ್ದೆ ಬರಲಿಲ್ಲ, ಅದಕ್ಕೇ ಇದನ್ನೂ ಬರೆಯುತ್ತಿದ್ದೇನೆ. ಅವಳು ಹೇಳಿದ್ದು ವಣಕ್ಕಂ ಅಲ್ಲ ಅವ್ವ. "ಟೀಚರಕ್ಕ, ಗುಡ್ಲು ಸುಟ್ಮೇಲೆ ಅಪ್ಪ ನನ್ನ ಕುರಿ ಜೊತೇಲಿ ತಂಜಾವೂರು ಕಡೀಕೆ ಕರ್ಕೊಂಡೋಯ್ತಾರಂತೆ. ದೊಡ್ಡೋಳಾದ್ಮೇಲೆ ಇಸ್ಕೂಲು ಬ್ಯಾಡವಂತೆ. ನೀವು ಒಂದು ಮಾತು ಯೋಳಿ" ಅಂದಳು. ನಲವತ್ತು ಜನ ಟೀಚರುಗಳ ಮುಂದೆ ಅಂದಳು, ಅರ್ಥವಾದದ್ದು ನನಗೊಬ್ಬಳಿಗೇ. ಪುಸ್ತಕ ಉರಿಯುವಾಗ ನಾನು ಅತ್ತದ್ದು, ನೀನು ನಮ್ಮಜ್ಜಿಗೆ ಕೇಳುವಂತೆ ಅಂದದ್ದು ನೆನಪಾಯಿತು: "ಪುಸ್ತಕ ಉರುದ್ರೆ ಉರೀಲಿ, ನನ್ನ ಮಗಳು ನಾಳೀಕೆ ಇಸ್ಕೂಲಿಗೆ ಓಯ್ತಾಳೆ." ಸಿದ್ದಲಕ್ಷ್ಮಮ್ಮ ಅದರಲ್ಲಿ ಅರ್ಧ ಶಾಸ್ತ್ರ ಮಾತ್ರ ನೆನಪಿಟ್ಟುಕೊಂಡಿದ್ದಾಳೆ. ಮೇಲೆ ಬರೆದದ್ದು ಬಿಡು, ಏನೂ ಹೇಳಿ ಕಳಿಸಬೇಡ. ಮುರುಗೇಶ ವಾಪಸ್ಸು ಬರುವಾಗ ಅವನ ಟೆಂಪೋದಲ್ಲಿ ನೀನೇ ಬಾ, ಶುಕ್ರವಾರದೊಳಗೆ ಬಾ. ಟ್ಯಾಬ್ ಉರಿದರೆ ಉರಿಯಲಿ. ಉಳಿದರ್ಧ ಶಾಸ್ತ್ರ ನೀನು ಬಂದು ಹೇಳಬೇಕು.