ಐದು ಗಾಸ್ ಗೆರೆ

ಜುಲೈ 8, ಸೋಮವಾರ

ನೈಟ್ರೋಜನ್ ದಿನ. ಯೂನಿವರ್ಸಿಟಿಗೆ ಹೋಗುವ ಸಂಡೂರು ಬಸ್ಸು ಅದಿರು ಲಾರಿಗಳ ಹಿಂದೆ ತೆವಳಿಕೊಂಡು ಬಂತು, ಅರ್ಧ ಗಂಟೆ ಲೇಟು. ಅಣುಗಳ ರಚನೆ ತೋರಿಸುವ ಎನ್‌ಎಂಆರ್ ಯಂತ್ರದ ಮ್ಯಾಗ್ನೆಟ್ ತಣ್ಣಗಿರಲಿ ಅಂತ ದ್ರವ ನೈಟ್ರೋಜನ್ ತುಂಬಿಸುತ್ತಿದ್ದಾಗ ಕಣ್ಣಿಗೆ ಕತ್ತಲೆ ಬಂತು. ಎಚ್ಚರವಾದಾಗ ವರಾಂಡದಲ್ಲಿದ್ದೆ. ಜಂಬಪ್ಪ ಎಳೆದು ತಂದಿದ್ದ. ಹದಿನೇಳು ವರ್ಷದಿಂದ ನನ್ನ ಲ್ಯಾಬ್ ಅಟೆಂಡರ್. ಇಷ್ಟು ಹೆದರಿದ್ದನ್ನು ನೋಡಿರಲಿಲ್ಲ.

"ಆಸ್ಪತ್ರಿಗೆ ಹೋಗೂಣ ಬರ್ರಿ ಮೇಡಂ."

"ಆಸ್ಪತ್ರಿ ಯಾಕ? ನೈಟ್ರೋಜನ್ ಆವಿ ತುಂಬಿ ಆಕ್ಸಿಜನ್ ಕಮ್ಮಿ ಆಗೈತಿ, ಅಷ್ಟ. ಫ್ಯಾನ್ ರಿಪೇರಿ ಮಾಡ್ಸು ಅಂತ ಎಷ್ಟು ಸಲ ಹೇಳೀನಿ?"

ಬೈದ ಮೇಲೆ ಇಬ್ಬರಿಗೂ ಸಮಾಧಾನವಾಯಿತು.

ಜುಲೈ 10

ಚೋರನೂರು ಕಡೆಯ ಗುಡ್ಡದ ಬಳ್ಳಿಯಿಂದ ತೆಗೆದ ಪುಡಿ, ಹನ್ನೊಂದು ತಿಂಗಳಿಂದ ಆಟ ಆಡಿಸುತ್ತಿದೆ. ಯಂತ್ರ ಬರೆಯುವ ಸ್ಪೆಕ್ಟ್ರಮ್‌ನಲ್ಲಿ ಎರಡು ಪೀಕ್ ಒಂದರ ಮೇಲೊಂದು ಕೂತಿವೆ. ಇವತ್ತೂ ಬೇರೆಯಾಗಲಿಲ್ಲ. ಇರಲಿ... ನನಗೇನು ಅವಸರ? ಮ್ಯಾಗ್ನೆಟ್ ರೂಮಿನಲ್ಲಿ ಕೂತಾಗ ಮಾತ್ರ ಒಂಟಿ ಅನ್ನಿಸುವುದಿಲ್ಲ. ಹೊಸಪೇಟೆಯ ಮನೆಯಲ್ಲಿ ಕುಕ್ಕರ್ ಕೂಗಿದರೂ ಬೆಚ್ಚಿ ಬೀಳುತ್ತೇನೆ.

ಜುಲೈ 15, ಸೋಮವಾರ

ಫ್ಯಾನ್ ರಿಪೇರಿ ಆಯಿತು. ಬಾಗಿಲು ತೆರೆದಿಟ್ಟು ತುಂಬಿಸಿದೆವು. ಏನೂ ಆಗಲಿಲ್ಲ. ಹೇಳಿದ್ದೆನಲ್ಲ.

ಜುಲೈ 21, ಭಾನುವಾರ

ಮನೆಯಲ್ಲಿರಲಾಗದೆ ಹಂಪಿಗೆ ಹೋದೆ. ಬಜಾರಿನ ಕಲ್ಲು ಮಂಟಪದ ಮುಂದೆ ಮತ್ತೆ ಬಿದ್ದೆ. ಬಾಳೆಹಣ್ಣು ಮಾರುವ ನಿಂಗಕ್ಕ ಮುಖಕ್ಕೆ ನೀರು ಹೊಡೆದಳು.

"ಉಂಡಿಲ್ಲೇನವ್ವಾ? ಜತಿಗೆ ಯಾರದಾರ?"

"ಯಾರೂ ಇಲ್ಲ" ಎಂದೆ. ಎರಡು ಹಣ್ಣು ಕೈಗಿಟ್ಟಳು, ದುಡ್ಡು ಮುಟ್ಟಲಿಲ್ಲ. ಬಟಾಬಯಲು. ಬೇಕಾದಷ್ಟು ಗಾಳಿ. ಇಲ್ಲಿ ಯಾವ ನೈಟ್ರೋಜನ್ ಅಂತ ಹೇಳಲಿ?

ಜುಲೈ 23

ಡಾಕ್ಟರ್ ಈಶ್ವರ್ ಇಸಿಜಿ ತೆಗೆದರು. ನಾಡಿ ಮೂವತ್ತನಾಲ್ಕು.

"ಪೇಸ್‌ಮೇಕರ್ ಹಾಕ್ಸಬೇಕ್ರಿ. ತಡ ಮಾಡಬ್ಯಾಡ್ರಿ. ಏನ್ ಕೆಲ್ಸ ನಿಮ್ದು?"

"ಕೆಮಿಸ್ಟ್ರಿ ಪಾಠ ಮಾಡ್ತೀನಿ."

ಮ್ಯಾಗ್ನೆಟ್ ಸುದ್ದಿ ಎತ್ತಲಿಲ್ಲ.

ರಾತ್ರಿ

ಮ್ಯಾಗ್ನೆಟ್ ಸುತ್ತ ನೆಲದ ಮೇಲೊಂದು ಕೆಂಪು ಗೆರೆ ಇದೆ. ಐದು ಗಾಸ್ ಗೆರೆ, ಕಾಂತಶಕ್ತಿ ಜೋರಾಗುವ ಗಡಿ. ಪೇಸ್‌ಮೇಕರ್ ಇದ್ದವರು ದಾಟಬಾರದು, ಎದೆಯೊಳಗಿನ ಮಿಷನ್ನು ತಾಳ ತಪ್ಪಬಹುದು. ನಾನೇ ಮೊಣಕಾಲೂರಿ ಬಳಿದದ್ದು. ಹಳೇ ಮ್ಯಾಗ್ನೆಟ್, ಸಣ್ಣ ರೂಮು — ಗೆರೆ ಬಾಗಿಲ ತನಕ ಬಂದಿದೆ. ಕೂರುವ ಕುರ್ಚಿಯೂ ಒಳಗೇ. ಹೈದರಾಬಾದಿನಿಂದ ಪಿಎಚ್‌ಡಿ ಮಾಡಿಕೊಂಡು ಬಂದು, ಮೂರು ವರ್ಷ ಅರ್ಜಿ ಹಾಕಿ ಹಾಕಿ ತರಿಸಿದ ಯಂತ್ರ. ರಿಟೈರ್‌ಮೆಂಟ್‌ಗೆ ಇನ್ನೂ ನಾಲ್ಕು ವರ್ಷ ಇದೆ.

ಹಾಕಿಸಿಕೊಳ್ಳುವುದಿಲ್ಲ.

ಆಗಸ್ಟ್ 6, ಬಳ್ಳಾರಿ

ಹಾಕಿಸಿಕೊಂಡೆ. ಬಸ್ಸಿನಲ್ಲಿ ಬಿದ್ದ ಮೇಲೆ ಬೇರೆ ದಾರಿ ಇರಲಿಲ್ಲ. ಕಂಪ್ಲಿಯಿಂದ ಅಣ್ಣ ಚನ್ನಯ್ಯ ಬಂದು ಫಾರ್ಮಿಗೆ ಸಹಿ ಹಾಕಿದ.

"ನಮ್ಮನಿಗೆ ಬಂದ್ಬಿಡು ಭುವನಿ. ಮಿಲ್ಲಿನ ಮ್ಯಾಲಿನ ರೂಮು ಖಾಲಿ ಐತಿ."

"ಅಲ್ಲಿ ನಾನೇನು ಮಾಡ್ಲಿ?"

ಅವನು ಅಕ್ಕಿ ಮಿಲ್ಲಿನ ಫೋನು ಬಂತೆಂದು ಎದ್ದು ಹೋದ.

ಸಂಜೆ ಜಂಬಪ್ಪ ಎಳನೀರು ತಂದ. ಗ್ಯಾಸ್ಟ್ರಿಕ್ ಅಂತ ಹೇಳಿದೆ. ಅವನು ಹೃದ್ರೋಗ ವಿಭಾಗ ಎಂಬ ವಾರ್ಡಿನ ಬೋರ್ಡು ಓದಿ, ಎಳನೀರು ಕೈಗಿಟ್ಟು ಹೋದ.

ಆಗಸ್ಟ್ 18, ಭಾನುವಾರ

ನಾಳೆ ಹೋಗುತ್ತೇನೆ. ಗೆರೆ ದಾಟುತ್ತೇನೆ. ಎರಡು ಹೆಜ್ಜೆ ಒಳಗಿಟ್ಟರೆ ಯಾರಿಗೆ ಗೊತ್ತಾಗಬೇಕು? ಏನಾದರೂ ಆದರೆ ಆಗಲಿ. ಈ ಮನೆಯಲ್ಲಿ ಗೋಡೆ ನೋಡುತ್ತಾ ಕೂತು ಯಾರಿಗೋಸ್ಕರ ಬದುಕಬೇಕು?

ಆಗಸ್ಟ್ 19, ಸೋಮವಾರ

ಎದೆಯ ಬ್ಯಾಂಡೇಜು ಕಾಣದ ಹಾಗೆ ಸೆರಗು ಹೊದ್ದು ಹೋದೆ. ಜಂಬಪ್ಪ ಬಾಗಿಲಲ್ಲಿ ನಿಂತಿದ್ದ. ಹೊರಗಿನಿಂದ ಬಂದವರನ್ನೆಲ್ಲ ಒಂದು ಪ್ರಶ್ನೆ ಕೇಳಿಯೇ ಒಳಗೆ ಬಿಡುತ್ತಾನೆ. ನಾನೇ ಕಲಿಸಿದ್ದು. ಕುಲಪತಿಗಳನ್ನೂ ಬಿಟ್ಟವನಲ್ಲ. ನನ್ನನ್ನು ಮಾತ್ರ ಎಂದೂ ಕೇಳಿರಲಿಲ್ಲ.

"ಎದ್ಯಾಗ ಏನರ ಮಿಷನ್ ಐತೇನ್ರಿ?"

ನೆಲ ನೋಡಿಕೊಂಡು ಕೇಳಿದ. ಇಲ್ಲ ಅನ್ನುವುದು ಬಾಯಿಗೆ ಬಂದಿತ್ತು. ಬಾಗಿಲಿಗೆ ಅಡ್ಡ ಹಿಡಿದ ಕೈ ಅವನು ತೆಗೆಯಲಿಲ್ಲ.

"ಐತಿ" ಎಂದೆ.

ಹೊರಗೆ ಕುರ್ಚಿ ಹಾಕಿಕೊಟ್ಟ. ಒಬ್ಬನೇ ಒಳಗೆ ಹೋಗಿ ತುಂಬಿಸತೊಡಗಿದ. ನಾನು ವರಾಂಡದಿಂದ ಒಂದೊಂದೇ ಹೇಳುತ್ತಾ ಹೋದೆ — ಪೈಪ್ ಬಿಗಿ ಮಾಡು, ನಿಧಾನ ಬಿಡು, ಗೇಜ್ ನೋಡು. ಸ್ವಲ್ಪ ಹೊತ್ತಿಗೆ ಗೊತ್ತಾಯಿತು. ನಾನು ಹೇಳುವ ಮೊದಲೇ ಅವನು ಎಲ್ಲ ಮಾಡಿ ಮುಗಿಸಿರುತ್ತಿದ್ದ. ಪಾಪ, ಆದರೂ ಪ್ರತಿ ಸಲ "ಹೂಂ ಮೇಡಂ, ಹೂಂ ಮೇಡಂ" ಅನ್ನುತ್ತಿದ್ದ.

ಹೇಳುವುದನ್ನು ನಿಲ್ಲಿಸಿದೆ.

ಮುಂದಿನ ಸೋಮವಾರವೂ ಅವನೇ ತುಂಬಿಸಲಿ; ನಾನು ಈ ಹೊರಗಿನ ಕುರ್ಚಿಯಲ್ಲೇ ಕೂರುತ್ತೇನೆ.