ನಾನು ನೆಕ್ಕಿದ ಅಣಬೆ

ಶಿಕಾರಿಪುರ, 21-8-1998, ಶುಕ್ರವಾರ

ಸಕಲ ಲೋಕಕ್ಕೂ ಈ ಮೂಲಕ ಘೋಷಿಸುವುದೇನೆಂದರೆ, ನನ್ನ ಬಾಯಿಹುಣ್ಣು ವಾಸಿಯಾಗಿದೆ. ಮನೆಯಲ್ಲಿ ಮಾತ್ರ ಯಾರಿಗೂ ಸಂತೋಷವಿಲ್ಲ.

ಮಗಳು ಗಂಗಾಶ್ರೀ ಮರ ಕೊಳೆಸುವ ಅಣಬೆಗಳ ಸಂಶೋಧಕಿ. ಸೊರಬದ ಹುಚ್ಚರಾಯಪ್ಪನವರ ಹಿತ್ತಲಲ್ಲಿ ಸೌದೆಗೆಂದು ಹಾಕಿರುವ ಹಲಸಿನ ದಿಮ್ಮಿಯಿಂದ ಮರದಷ್ಟೇ ಗಟ್ಟಿಯಾದ ಒಂದು ಅಣಬೆ ಕಿತ್ತು ತಂದು, ಚೂರೊಂದನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಿ, ಉಳಿದದ್ದನ್ನು ಕಿಟಕಿಯಲ್ಲಿ ಒಣಗಲಿಟ್ಟಿದ್ದಳು. ಇವತ್ತು ಕಾಗದ ಬಂತು: ಗೊತ್ತಿರುವ ಯಾವ ಜಾತಿಗೂ ಇದು ಹೊಂದುವುದಿಲ್ಲ, ಅಡಿಭಾಗದ ರಂಧ್ರಗಳನ್ನು ಅಳೆದು ಮಾದರಿ ಒಪ್ಪಿಸಿದರೆ ಹೊಸ ಹೆಸರಿಡಬಹುದು.

ಕುಣಿಯುತ್ತಾ ಕಿಟಕಿಗೆ ಹೋದಳು. ಅಣಬೆಗೆ ಅಡಿಭಾಗವೇ ಇಲ್ಲ!

"ಅಮ್ಮಾ, ಇದನ್ನ ಯಾರು ತೇದಿದ್ದು?"

"ನಾನೇ ಕಣೇ. ನಿಮ್ಮಪ್ಪನ ಬಾಯಿಹುಣ್ಣಿಗೆ ಹಲಸಿನ ಅಣಬೆ ತೇಯದೆ ನಿನ್ನ ಮೈಕ್ರೋಸ್ಕೋಪು ತೇಯ್ಲೇನು?" ಎಂದಳು ನನ್ನಾಕೆ ಜಗದಾಂಬ.

ವಿಜ್ಞಾನ ಇನ್ನೂ ಹೆಸರಿಡದ ಜೀವಿಯನ್ನು ಮೂರು ದಿನ ಜೇನುತುಪ್ಪದಲ್ಲಿ ನೆಕ್ಕಿದ್ದೇನೆ! ಮಗಳು ಟಾರ್ಚು ಹಾಕಿ ನನ್ನ ಬಾಯೊಳಗೆಲ್ಲ ಹುಡುಕಿದಳು. ಆಮೇಲೆ ಅತ್ತಳು. ಊರನ್ನೆಲ್ಲ ನಗಿಸುವ ನಾನು ಎದ್ದು ಹೋಗಿ ಸೊರಬದ ಬಸ್ಸಿನ ವೇಳೆ ಕೇಳಿಕೊಂಡು ಬಂದೆ.

ನಾಳೆ ಮೊದಲ ಬಸ್ಸಿಗೆ ನಾನೂ ಮಗಳೂ ಸೊರಬಕ್ಕೆ ಹೊರಟಿದ್ದೇವೆ. ಅದೇ ದಿಮ್ಮಿಯಲ್ಲಿ ಇನ್ನೊಂದು ಅಣಬೆ ಇದ್ದರೂ ಇರಬಹುದು. ಈ ಡೈರಿಯನ್ನು ಯಾರೂ ಓದುವುದಿಲ್ಲ, ನಿಜ. ಆದರೂ ಹುಚ್ಚರಾಯಪ್ಪನವರ ಮನೆಯವರು ಯಾರಾದರೂ ಓದುತ್ತಿದ್ದರೆ, ನಾಳೆ ಬೆಳಗಿನ ಸ್ನಾನದ ನೀರನ್ನು ದಯವಿಟ್ಟು ಬೇರೆ ಕಟ್ಟಿಗೆಯಲ್ಲಿ ಕಾಯಿಸಿಕೊಳ್ಳಿ.