ನಡುಗಂಬವಿಲ್ಲದ ಮೆಟ್ಟಿಲು

ಅಪ್ಪಾ,

ನೀನು ಹೋದ ಊರಿಗೆ ಟಪಾಲಿಲ್ಲ. ಆದರೂ ಹೇಳ್ತೀನಿ ಕೇಳು. ನಿನ್ನ ಮರಗೆಲಸದ ಶೆಡ್ಡಿನ ಗೋಡೆಯಲ್ಲಿ ಪರದೇಶದ ಮೆಟ್ಟಿಲಿನ ಚಿತ್ರವಿತ್ತಲ್ಲ, ನಡುಗಂಬವೇ ಇಲ್ಲದೆ ಸುರುಳಿ ಸುತ್ತಿಕೊಂಡು ಮೇಲೇರುವಂಥದ್ದು? "ಇದಕ್ಕೆ ಕೈ ಹಾಕೋಕೆ ಎಂಟೆದೆ ಬೇಕು" ಅಂತಿದ್ದೆ. ಅಂಥದ್ದನ್ನೇ ನಾನು ಇಲ್ಲಿನ ಗ್ರಂಥಾಲಯಕ್ಕೆ ಕಟ್ಟಿದೆ. ಇವತ್ತು ಅದರ ಪರೀಕ್ಷೆ.

ನಮ್ಮ ಮನೆಯ ಪದ್ಧತಿ ಬಿಡಲಿಲ್ಲ. ಕಟ್ಟಿದವರು ಕೆಳಗೆ ನಿಲ್ಲಬೇಕು, ಅವರ ಮಗುವೇ ಮೊದಲು ಹತ್ತಬೇಕು. ಹತ್ತುವವರ ಧೈರ್ಯ ಕೆಡದ ಹಾಗೆ ಕೆಳಗಿನವರು ತುಟಿ ಪಿಟಕ್ಕೆನ್ನಬಾರದು.

ನಿನ್ನ ಮೊಮ್ಮಗಳು ಹತ್ತಿದಳು. ಎರಡನೇ ಸುತ್ತಿನಲ್ಲಿ ಮರ ಕಟಕ್ಕೆಂದಿತು. ಅವಳು ನಿಂತು, ಬಗ್ಗಿ ನನ್ನನ್ನೇ ನೋಡಿದಳು. ಮರ ತನ್ನ ಜಾಗಕ್ಕೆ ಕೂತುಕೊಳ್ಳುವ ಸದ್ದೋ, ಸೀಳಿಹೋಗುವ ಸದ್ದೋ ತಿಳಿಯಲಿಲ್ಲ. ಜೀವ ಬಾಯಿಗೆ ಬಂದಿತ್ತು, ಬಾಯಿ ಬಿಡಲಿಲ್ಲ. ಅವಳು ಮತ್ತೆ ಕಾಲೆತ್ತಿದಳು. ಮೆಟ್ಟಿಲು ತಡೆಯಿತು.

ಇಳಿದು ಬಂದವಳೇ, "ಅದೆಂಥಾ ಕಲ್ಲುಮನಸ್ಸಮ್ಮಾ ನಿಂದು!" ಅಂದು ಸರಸರ ಹೊರಗೆ ನಡೆದಳು. ಆ ಮಾತು ನಿನಗೆ ಹೊಸದಲ್ಲ, ನನ್ನ ಬಾಯಿಂದಲೇ ಕೇಳಿದ್ದೀಯ.

ಪಕ್ಕದಲ್ಲಿ ನಿಂತು ನೋಡ್ತಿದ್ದ ನನ್ನ ಅಮ್ಮ ಹತ್ತಿರ ಬಂದು, ಬಿಗಿದಿದ್ದ ನನ್ನ ಮುಷ್ಟಿ ಬಿಡಿಸಿದಳು. ಉಗುರು ನೆಟ್ಟು ಅಂಗೈಯಲ್ಲಿ ರಕ್ತ ಜಿನುಗುತ್ತಿತ್ತು.

"ನೀನು ಹತ್ತಿದ ದಿನವೆಲ್ಲ ನಿಮ್ಮಪ್ಪನ ಕೈಗೂ ನಾನೇ ಮುಲಾಮು ಹಚ್ತಿದ್ದೆ" ಅಂದಳು.